ಟೈಂಪಾಸ್ ಅನ್ನುವ ಮೊದಲು ಒಂದು ಸಾಲು ಹೆಣೆದು ನೋಡಿ

ಐದನೇ ಸೆಮಿಸ್ಟರ್ ಮುಗಿಸಿ ರಜೆಗೆ ಭದ್ರಾವತಿಗೆ ಬಂದಾಗ ನನ್ನ ಬ್ಯಾಗಿನಲ್ಲಿ ಲ್ಯಾಪ್‌ಟಾಪ್, ಆಪ್ಟಿಟ್ಯೂಡ್ ಪುಸ್ತಕದ ಜೊತೆ ಒಂದು ಉಲ್ಲನ್ ಉಂಡೆ, ಒಂದು ಕ್ರೋಶಾ ಕಡ್ಡಿ ಇದ್ದವು. ಬಟ್ಟೆ ಒಗೆಯಲೆಂದು ಬ್ಯಾಗ್ ಖಾಲಿ ಮಾಡುತ್ತಿದ್ದ ಅಮ್ಮ ಆ ಕಡ್ಡಿಯನ್ನು ಎತ್ತಿ ಹಿಡಿದು, ‘ಇದಕ್ಕಾ ನಿನ್ನನ್ನ ಬಿ.ಇ.ಗೆ ಸೇರಿಸಿದ್ದು?’ ಎಂದಳು. ಆ ದನಿಯಲ್ಲಿ ತಮಾಷೆ ಇರಲಿಲ್ಲ.

ನಮ್ಮ ವಯಸ್ಸಿನವರಿಗೆ ಕ್ರೋಶಾ ಎಂದರೆ ರೀಲ್ಸ್‌ನಲ್ಲಿ ಕಾಣುವ ಟೋಪಿ, ಕೀ ಚೈನ್, ಬಾಡದ ಗುಲಾಬಿ. ಅಮ್ಮನಿಗೆ ಹಾಗಲ್ಲ. ಪಿಯುಸಿ ಮುಗಿದ ಮೇಲೆ ಅವಳನ್ನು ಮನೆಯವರು ಮುಂದೆ ಓದಿಸಲಿಲ್ಲ. ಮದುವೆಯಾಗುವವರೆಗಿನ ಎರಡು ವರ್ಷ ಮನೆಯಲ್ಲಿ ಕೂತು ಟಿ.ವಿ. ಕವರ್, ಬಾಗಿಲ ತೋರಣ, ಟೇಬಲ್ ಕ್ಲಾತ್ ಹೆಣೆದಳು. ಹೆಣ್ಣು ನೋಡಲು ಬಂದವರ ಮುಂದೆ ಉಪ್ಪಿಟ್ಟು, ಕೇಸರಿಬಾತ್ ಜೊತೆ ಅದನ್ನೂ ತಂದಿಡುತ್ತಿದ್ದರಂತೆ, ‘ಎಲ್ಲಾ ನಮ್ಮ ಹುಡುಗೀದೇ ಕೈಕೆಲಸ’ ಎಂದು. ಮದುವೆಯಾದ ಮೇಲೆ ಅವಳು ಕಡ್ಡಿ ಹಿಡಿದದ್ದನ್ನು ನಾನು ಕಂಡಿಲ್ಲ. ಮಗಳಾದರೂ ಓದಿ ಕೆಲಸಕ್ಕೆ ಸೇರಲಿ ಎಂದು ಬಯಸಿದವಳ ಕಣ್ಣಿಗೆ ನನ್ನ ಬ್ಯಾಗಿನ ಆ ಕಡ್ಡಿ ಹೇಗೆ ಕಂಡಿತೋ ಈಗ ಅರ್ಥವಾಗುತ್ತದೆ. ಆಗ ಮಾತ್ರ ಸಿಟ್ಟು ಬಂದಿತ್ತು.

ನಾನು ಶುರು ಮಾಡಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಗಣಿತದ ಒಂದು ಪೇಪರ್ ಬ್ಯಾಕ್ ಉಳಿದಿತ್ತು, ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ, ಮೊಬೈಲ್ ನೋಡಿ ನೋಡಿ ಕಣ್ಣು ಉರಿಯುತ್ತಿತ್ತು. ದಾವಣಗೆರೆಯ ಹಾಸ್ಟೆಲ್‌ನಲ್ಲಿ ಪಕ್ಕದ ರೂಮಿನ ಗೆಳತಿ ಕ್ರೋಶಾ ಹೂವು ಮಾಡಿ ಮಾರುತ್ತಿದ್ದಳು. ಅವಳನ್ನು ನೋಡಿ ನಾನೂ ಕಡ್ಡಿ ತಂದೆ. ಕಪ್ಪು ಉಲ್ಲನ್ ಚೆಂದ ಕಂಡಿತೆಂದು ಅದನ್ನೇ ಕೊಂಡೆ. ಕಲಿಯುವವರು ಮಾಡಬಾರದ ಮೊದಲ ತಪ್ಪೇ ಅದು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಪ್ಪು ದಾರದ ಕುಣಿಕೆ ಕಾಣುವುದೇ ಇಲ್ಲ. ತಿಳಿ ಬಣ್ಣದ, ನವಿರೆದ್ದು ಜೂಲು ಜೂಲಾಗದ, ಸ್ವಲ್ಪ ದಪ್ಪನೆಯ ದಾರ, 4 ಮಿ.ಮೀ. ಕಡ್ಡಿ ಇದ್ದರೆ ಸಾಕು. ‘ಬಿಗಿನರ್ ಕಿಟ್’ ಎಂದು ಹದಿನೈದು ಕಡ್ಡಿಯ ಡಬ್ಬಿ ತರಿಸಬೇಡಿ, ಹದಿನಾಲ್ಕು ಹಾಗೇ ಉಳಿಯುತ್ತವೆ.

ಕಲಿಯಬೇಕಾದದ್ದು ನಿಜಕ್ಕೂ ಸ್ವಲ್ಪವೇ. ಒಂದು ಜಾರುಗಂಟು ಹಾಕಿ, ಅದರೊಳಗಿಂದ ದಾರವನ್ನು ಮತ್ತೆ ಮತ್ತೆ ಎಳೆದರೆ ಸರಪಳಿ. ಸರಪಳಿಯ ಕುಣಿಕೆಗೆ ಕಡ್ಡಿ ತೂರಿಸಿ ದಾರ ಎಳೆದರೆ ಕಡ್ಡಿಯ ಮೇಲೆ ಎರಡು ಕುಣಿಕೆ. ಮತ್ತೊಮ್ಮೆ ದಾರ ಸುತ್ತಿ ಎರಡರೊಳಗಿಂದಲೂ ಒಟ್ಟಿಗೆ ಎಳೆದರೆ ಸಿಂಗಲ್ ಕ್ರೋಶಾ. ತೂರಿಸುವ ಮೊದಲೇ ಒಂದು ಸುತ್ತು ದಾರ ಹಾಕಿಕೊಂಡು, ಆಮೇಲೆ ಎರಡೆರಡು ಕುಣಿಕೆಯಂತೆ ಎರಡು ಸಲ ಬಿಡಿಸಿದರೆ ಡಬಲ್. ಅಮ್ಮ ಅದಕ್ಕೆ ‘ಕಂಬ’ ಅನ್ನುತ್ತಾಳೆ. ಇಷ್ಟನ್ನು ಓದಲು ಒಂದು ನಿಮಿಷ, ಕೈಗೆ ಬರಲು ನನಗೆ ಮೂರು ವಾರ. ಮೊದಲ ಸರಪಳಿಯನ್ನು ಎಷ್ಟು ಬಿಗಿಯಾಗಿ ಎಳೆದಿದ್ದೆನೆಂದರೆ ಕಡ್ಡಿ ಒಳಗೇ ಹೋಗಲಿಲ್ಲ. ಅಮೆರಿಕದವರು ಡಬಲ್ ಅನ್ನುವುದನ್ನು ಬ್ರಿಟಿಷರು ಟ್ರೆಬಲ್ ಅನ್ನುತ್ತಾರೆ, ಬ್ರಿಟಿಷರ ಡಬಲ್ ಎಂದರೆ ಅಮೆರಿಕದವರ ಸಿಂಗಲ್. ಇದು ಗೊತ್ತಿಲ್ಲದೆ ಎರಡು ವಿಡಿಯೊ ಬೆರೆಸಿ ಹೆಣೆದ ನನ್ನ ಮೊಬೈಲ್ ಚೀಲ ಒಂದು ಕಡೆ ಎತ್ತರ, ಒಂದು ಕಡೆ ಗಿಡ್ಡ.

ಆದರೂ ಬಿಡಲಿಲ್ಲ. ಯಾಕೆಂದರೆ ಇಲ್ಲಿ ತಪ್ಪಿದರೆ ದಾರ ಎಳೆದು ಬಿಚ್ಚಬಹುದು, ದಾರ ಹಾಗೆಯೇ ಉಳಿಯುತ್ತದೆ. ನಮ್ಮ ಪರೀಕ್ಷೆಗಳಲ್ಲಿ ಈ ಸೌಕರ್ಯವಿಲ್ಲ. ಇನ್ನೊಂದು ಕಾರಣ ಗಣಿತವೇ. ಸಿಂಗಲ್ ಕ್ರೋಶಾದಲ್ಲಿ ಚಪ್ಪಟೆ ವೃತ್ತ ಬೇಕೆಂದರೆ ಮೊದಲ ಸುತ್ತಿಗೆ 6, ಆಮೇಲೆ 12, 18, 24 ಹೀಗೆ ಸುತ್ತಿಗೆ ಆರಾರು ಹೆಚ್ಚಬೇಕು. ಹೆಚ್ಚಿಸದೆ ಬಿಟ್ಟರೆ ಬಟ್ಟಲಾಗುತ್ತದೆ, ವಿಪರೀತ ಹೆಚ್ಚಿಸಿದರೆ ಅಂಚು ನೆರಿಗೆಗಟ್ಟುತ್ತದೆ. ತ್ರಿಜ್ಯ ಒಂದು ಅಳತೆ ಬೆಳೆದರೆ ಪರಿಧಿ 2π, ಅಂದರೆ ಸುಮಾರು ಆರೂಕಾಲು ಅಳತೆ ಬೆಳೆಯುತ್ತದೆ. ಆ ಆರು ಬಂದದ್ದು ಅಲ್ಲಿಂದ. ನೆರಿಗೆಗಟ್ಟುವ ಆ ‘ತಪ್ಪ’ನ್ನೇ ಬಳಸಿ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಹೈಪರ್‌ಬಾಲಿಕ್ ಜ್ಯಾಮಿತಿಯ ಮಾದರಿಯನ್ನು ಕ್ರೋಶಾದಲ್ಲಿ ಹೆಣೆದರು. ಪುಸ್ತಕದಲ್ಲಿ ಕಲ್ಪಿಸಿಕೊಳ್ಳಲು ಒದ್ದಾಡುವ ಮೇಲ್ಮೈಯನ್ನು ವಿದ್ಯಾರ್ಥಿಗಳು ಕೈಯಲ್ಲಿ ಹಿಡಿದು ಮಡಚಿ ನೋಡುವಂತಾಯಿತು.

ಇಷ್ಟೆಲ್ಲ ಹೇಳಿದರೂ ಹಾಸ್ಟೆಲ್‌ನಲ್ಲಿ ಕೇಳುವ ಪ್ರಶ್ನೆ ಒಂದೇ: ‘ಇದರಿಂದ ದುಡ್ಡು ಬರುತ್ತಾ?’ ಕೆಲಸ ಹುಡುಕುವ ಕಾಲದಲ್ಲಿ ಈ ಪ್ರಶ್ನೆ ತಪ್ಪಲ್ಲ. ಹಾಗಾಗಿ ಲೆಕ್ಕ ಹಾಕಿದೆ. ಎಲೆ, ದಂಟು ಸೇರಿ ಒಂದು ಗುಲಾಬಿಗೆ ನನಗೆ ಎರಡೂವರೆ ಗಂಟೆ ಹಿಡಿಯಿತು. ಕೈ ಪಳಗಿದ ಗೆಳತಿಗೆ ಒಂದು ಗಂಟೆ. ಅವಳು ಮಾರುವುದು 80 ರೂಪಾಯಿಗೆ. ಅದರಲ್ಲಿ ದಾರ, ತಂತಿಯ ಖರ್ಚೂ ಸೇರಿದೆ. ಕೊಳ್ಳಲು ಬಂದವರು ‘ಒಂದು ಹೂವಿಗೆ ಎಂಬತ್ತಾ? ಐವತ್ತಕ್ಕೆ ಕೊಡು’ ಅನ್ನುತ್ತಾರೆ. ಕಲಿಯುವ ಮೊದಲು ನಾನೂ ಹಾಗೆ ಚೌಕಾಸಿ ಮಾಡಿದವಳೇ.

ಸ್ವೆಟರ್ ಹೆಣೆಯುವ ಯಂತ್ರಗಳಿವೆ. ಕ್ರೋಶಾ ಮಾತ್ರ ಇವತ್ತಿಗೂ ಕೈಯ ಕೆಲಸ. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ಕ್ರೋಶಾ ಟಾಪ್ ಯಂತ್ರದ ಅನುಕರಣೆಯಲ್ಲದಿದ್ದರೆ, ಯಾರೋ ಗಂಟೆಗಟ್ಟಲೆ ಕೂತು ಹೆಣೆದದ್ದು. ಆಂಧ್ರದ ನರಸಾಪುರದ ಸುತ್ತಮುತ್ತ ಕ್ರೋಶಾ ಲೇಸ್ ಹೆಣೆಯುವ ಹೆಂಗಸರ ಬಗ್ಗೆ ಮರಿಯಾ ಮೀಸ್ ಎಂಬ ಜರ್ಮನ್ ಸಮಾಜಶಾಸ್ತ್ರಜ್ಞೆ 1982ರಲ್ಲಿ ಪುಸ್ತಕ ಬರೆದರು. ವಿದೇಶಕ್ಕೆ ಹೋಗುವ ಲೇಸನ್ನು ಹೆಣೆಯುವವರು ‘ಗೃಹಿಣಿಯರು’, ಅವರ ದುಡಿಮೆ ‘ಬಿಡುವಿನ ವೇಳೆಯದು’ ಎಂದು ಹೇಳಿಯೇ ಕೂಲಿಯನ್ನು ಕೆಳಗಿಟ್ಟಿದ್ದನ್ನು ಅವರು ತೋರಿಸಿದ್ದಾರೆ. ನಮ್ಮ ‘ಟೈಂಪಾಸ್’ ಎಂಬ ಮಾತೂ ಅದೇ ಕೆಲಸ ಮಾಡುತ್ತದೆ ಎಂದು ನನ್ನ ಅನುಮಾನ. ಅಮ್ಮನ ಎರಡು ವರ್ಷದ ಕೆಲಸಕ್ಕೆ ಒಂದು ರೂಪಾಯಿಯೂ ಹುಟ್ಟಲಿಲ್ಲ. ಅವಳ ಸಿಟ್ಟು ಕಡ್ಡಿಯ ಮೇಲಲ್ಲ, ಆ ಲೆಕ್ಕದ ಮೇಲೆ ಇರಬೇಕಿತ್ತು. ಹುಡುಗರೂ ನಾಲ್ಕು ಸಾಲು ಕಲಿಯಲಿ ಎನ್ನುವುದು ಇದಕ್ಕೇ. ಕೈ ನೋಯದವರಿಗೆ ಬೆಲೆ ತಿಳಿಯುವುದು ಕಷ್ಟ.

ರಜೆಯಲ್ಲಿ ಚೌಕಾಕಾರದ ಟೇಬಲ್ ಮ್ಯಾಟ್ ಶುರು ಮಾಡಿದ್ದೆ. 20 ಕಂಬದಿಂದ ಹೊರಟದ್ದು ಒಂಬತ್ತು ಸಾಲು ಮುಗಿಯುವಷ್ಟರಲ್ಲಿ ತ್ರಿಕೋನದ ದಾರಿ ಹಿಡಿದಿತ್ತು. ಮೂರು ದಿನ ನೋಡಿಯೂ ನೋಡದಂತಿದ್ದ ಅಮ್ಮ ನಾಲ್ಕನೇ ದಿನ ಸೋರೆಕಾಯಿ ಹೆಚ್ಚುವುದನ್ನು ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ಕೂತಳು. ಹೆಬ್ಬೆರಳಿನಿಂದ ಒಂದೊಂದೇ ಕಂಬ ಸರಿಸುತ್ತಾ ಎಣಿಸಿದಳು. ‘ಕೊನೇದು ಬಿಟ್ಟಿದ್ದೀಯ. ಪ್ರತಿ ಸಾಲಿಗೂ ಬಿಟ್ಟಿದ್ದೀಯ. ತಿರುಗಿಸುವಾಗ ಹಾಕಿದ ಮೂರು ಸರಪಳಿನೂ ಒಂದು ಕಂಬ ಕಣೇ, ಅದರ ತಲೆಗೆ ಹಾಕಬೇಕು’ ಎಂದು ದಾರ ಎಳೆದು ಎಂಟು ಸಾಲು ಬಿಚ್ಚಿಹಾಕಿದಳು. ಆಮೇಲೆ ಎರಡು ಸಾಲು ತಾನೇ ಹೆಣೆದಳು, ಕಣ್ಣು ಕಿಟಕಿಯಾಚೆ ಇತ್ತು.

‘ನಿನ್ನ ಫ್ರೆಂಡ್ ಆ ಹೂವು ಎಷ್ಟಕ್ಕೆ ಕೊಡ್ತಾಳೆ ಅಂದೆ?’ ಎಂದು ಕೇಳಿದಳು. ಹೇಳಿದೆ. ‘ಕಮ್ಮಿ ಆಯ್ತು, ನೂರೈವತ್ತು ಅನ್ನಲಿ’ ಎಂದು ಎದ್ದು ಅಡುಗೆಮನೆಗೆ ಹೋದಳು.