ನಿಂತುಹೋದ ಖಾತೆಯ ಹಣ: ನೋಟೀಸು ಬಂದರೆ ರೈತರು ಏನು ಮಾಡಬೇಕು?



2025ರ ಹಿಂಗಾರಿ ಜೋಳದ ಬಿತ್ತನೆಗೆ ಮುಂಚೆ ನಾಲವಾರ ಹೋಬಳಿಯ ಒಂದು ಹಳ್ಳಿಯಲ್ಲಿ ಬೀಜೋಪಚಾರದ ಪ್ರಾತ್ಯಕ್ಷಿಕೆ ಮುಗಿಸಿ ಏಳುವ ಹೊತ್ತಿಗೆ, ವಯಸ್ಸಾದ ತಾಯಿಯೊಬ್ಬರು ಸೆರಗಿನ ಗಂಟು ಬಿಚ್ಚಿ ಎರಡು ವಸ್ತುಗಳನ್ನು ನನ್ನ ಮುಂದೆ ಇಟ್ಟರು. ಒಂದು, ಬ್ಯಾಂಕಿನಿಂದ ಬಂದ ಪತ್ರ. ಇನ್ನೊಂದು, ತೀರಿಹೋದ ಅವರ ಯಜಮಾನರ ಹಳೆಯ ಪಾಸ್‌ಬುಕ್ಕು. ಪತ್ರದ ಮೇಲೆ ಭಾರತೀಯ ಸ್ಟೇಟ್ ಬ್ಯಾಂಕಿನ ಹೆಸರಿತ್ತು. ಪಾಸ್‌ಬುಕ್ಕಿನ ಮೇಲೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದಿನ ಹೆಸರಿತ್ತು. "ಸಾಹೇಬ್ರಾ, ಈ ಬ್ಯಾಂಕ ಈಗ ಇಲ್ಲಂತ. ನಮ್ಮ ಮನಿಯವರ ರೊಕ್ಕ ಮುಳುಗೇ ಹೋಯ್ತೇನ್ರಿ?" ಎಂದು ಕೇಳಿದರು.

ಕೊನೆಯ ನಮೂದು 2012ರದು. ಉಳಿಕೆ ನಾಲ್ಕು ಸಾವಿರಕ್ಕೆ ಸ್ವಲ್ಪ ಕಡಿಮೆ. ಈ ಹಣ ಬಿಡಿಸಿಕೊಡುತ್ತೇನೆಂದು ಪೇಟೆಯಲ್ಲಿ ಒಬ್ಬರು ಎರಡು ಸಾವಿರ ರೂಪಾಯಿ ಕೇಳಿದ್ದರಂತೆ. ಆ ತಾಯಿಗೆ ಹೇಳಿದ ಮಾತನ್ನೇ ಇಂದು ತಮ್ಮೆಲ್ಲರಿಗೂ ಹೇಳುತ್ತಿದ್ದೇನೆ: ಹಣ ಮುಳುಗಿಲ್ಲ, ಮುಳುಗುವುದೂ ಇಲ್ಲ. ಅದನ್ನು ಪಡೆಯಲು ಯಾರಿಗೂ ಒಂದು ಪೈಸೆ ಕೊಡಬೇಕಾಗಿಲ್ಲ.

ಇದು ಯಾರ ಹಣ?

ಉಳಿತಾಯ ಖಾತೆಯಲ್ಲಿ ಎರಡು ವರ್ಷಕ್ಕಿಂತ ಹೆಚ್ಚು ಕಾಲ ಖಾತೆದಾರರು ಯಾವ ವ್ಯವಹಾರವನ್ನೂ ಮಾಡದಿದ್ದರೆ ಬ್ಯಾಂಕು ಆ ಖಾತೆಯನ್ನು ನಿಷ್ಕ್ರಿಯವೆಂದು ಗುರುತಿಸುತ್ತದೆ. ಹತ್ತು ವರ್ಷವಾದರೂ ಯಾರೂ ಕೇಳದಿದ್ದರೆ ಆ ಹಣವನ್ನು ರಿಸರ್ವ್ ಬ್ಯಾಂಕಿನ ಬಳಿ ಇರುವ ಠೇವಣಿದಾರರ ಶಿಕ್ಷಣ ಮತ್ತು ಜಾಗೃತಿ ನಿಧಿಗೆ ಕಳಿಸುತ್ತದೆ. ಈ ನಿಧಿಯ ಯೋಜನೆ 2014ರಲ್ಲಿ ಜಾರಿಗೆ ಬಂತು. ಹಣ ನಿಧಿಗೆ ಹೋದರೂ ಹಕ್ಕು ಖಾತೆದಾರರದೇ, ಅವರ ನಂತರ ವಾರಸುದಾರರದೇ. ಕೇಳಲು ಕಾಲಮಿತಿ ಇಲ್ಲ. ಬಡ್ಡಿ ಬರುವ ಖಾತೆಯಾಗಿದ್ದರೆ ನಿಧಿಯಲ್ಲಿರುವ ಹಣಕ್ಕೂ ಬಡ್ಡಿ ಸೇರುತ್ತದೆ. 2021ರ ಮೇ 11ರಿಂದ ಅದರ ದರ ನೂರಕ್ಕೆ 3.

2023ರ ಫೆಬ್ರವರಿ ಅಂತ್ಯದ ಹೊತ್ತಿಗೆ ಸರಕಾರಿ ವಲಯದ ಬ್ಯಾಂಕುಗಳು ಈ ನಿಧಿಗೆ ಕಳಿಸಿದ್ದ ಹಣ 35,012 ಕೋಟಿ ರೂಪಾಯಿ. ದೊಡ್ಡ ಮೊತ್ತವೆಂದು ತೋರುತ್ತದೆ. ಆದರೆ ಅದು ಒಟ್ಟು 10.24 ಕೋಟಿ ಖಾತೆಗಳಿಂದ ಬಂದ ಹಣ. ಭಾಗಿಸಿ ನೋಡಿ: ಒಂದು ಖಾತೆಗೆ ಸರಾಸರಿ ಸುಮಾರು 3,400 ರೂಪಾಯಿ. ಬಹುಪಾಲು ಖಾತೆಗಳು ಸಾಹುಕಾರರು ಮರೆತ ತಿಜೋರಿಗಳಲ್ಲ. ಕೂಲಿ, ತೊಗರಿ ಮಾರಿದ ಹಣ, ಮಕ್ಕಳ ವಿದ್ಯಾರ್ಥಿ ವೇತನ ಇಟ್ಟಿದ್ದವರ ಚಿಕ್ಕ ಚಿಕ್ಕ ಖಾತೆಗಳು ಎಂದೇ ಇದರಿಂದ ತಿಳಿಯಬೇಕು. ಮೊತ್ತ ಚಿಕ್ಕದೆಂದೇ ಯಾರೂ ಬೆನ್ನು ಹತ್ತುವುದಿಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ ಲೆಕ್ಕ ಹಾಕಿ ಸುಮ್ಮನಾಗುತ್ತಾರೆ. ಮಧ್ಯವರ್ತಿಗೆ ಅರ್ಧ ಕೊಟ್ಟರೆ ಉಳಿಯುವುದೇನು?

ನಮ್ಮ ಭಾಗದಲ್ಲಿ ಗೊಂದಲ ಏಕೆ?

ನಮ್ಮ ಕಡೆ ಇನ್ನೊಂದು ತೊಡಕಿದೆ. ಹಳೆಯ ಪಾಸ್‌ಬುಕ್ಕುಗಳಲ್ಲಿರುವ ಹಲವು ಬ್ಯಾಂಕುಗಳ ಹೆಸರು ಇಂದು ಯಾವ ಬೋರ್ಡಿನ ಮೇಲೂ ಕಾಣುವುದಿಲ್ಲ. 1941ರಲ್ಲಿ ನಿಜಾಮರ ಸಂಸ್ಥಾನದ ಬ್ಯಾಂಕಾಗಿ ಹುಟ್ಟಿದ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ 2017ರ ಏಪ್ರಿಲ್ 1ರಂದು ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ ವಿಲೀನವಾಯಿತು. ಕಲಬುರಗಿಯಲ್ಲಿ ಪ್ರಧಾನ ಕಚೇರಿ ಇದ್ದ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕಾಯಿತು, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿಗೆ ಸೇರಿತು. 2025ರ ಮೇ 1ರಿಂದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಕೂಡಿ, ಇಡೀ ರಾಜ್ಯಕ್ಕೆ ಬಳ್ಳಾರಿಯಲ್ಲಿ ಪ್ರಧಾನ ಕಚೇರಿಯುಳ್ಳ ಒಂದೇ ಗ್ರಾಮೀಣ ಬ್ಯಾಂಕು ಉಳಿದಿದೆ. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿವೆ.

ಹೊಲ ಮಾರಾಟವಾದರೂ ಸರ್ವೆ ನಂಬರು ಉಳಿಯುವ ಹಾಗೆ, ಬ್ಯಾಂಕು ಬೇರೊಂದರಲ್ಲಿ ಸೇರಿದರೂ ತಮ್ಮ ಠೇವಣಿಯ ಹೊಣೆ ಹೊಸ ಬ್ಯಾಂಕಿಗೆ ಬರುತ್ತದೆ. ಆದುದರಿಂದ ಹಳೆಯ ಪಾಸ್‌ಬುಕ್ಕನ್ನು ಒಲೆಗೆ ಹಾಕಬೇಡಿರಿ.

ಇದರ ಜೊತೆಗೆ, ಸುಗ್ಗಿ ಮುಗಿದ ಮೇಲೆ ನಮ್ಮ ಜನ ಕೆಲಸಕ್ಕಾಗಿ ಮುಂಬಯಿ, ಪುಣೆ, ಹೈದರಾಬಾದು, ಬೆಂಗಳೂರುಗಳಿಗೆ ಹೋಗುತ್ತಾರೆ. ಅಲ್ಲಿ ಖಾತೆ ತೆರೆಯುತ್ತಾರೆ, ಊರಿಗೆ ಬಂದ ಮೇಲೆ ಮರೆಯುತ್ತಾರೆ. ಇಂಥ ಖಾತೆಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ. ನಿಷ್ಕ್ರಿಯ ಖಾತೆಗೆ ಬೇಕಾದ ಗುರುತಿನ ದಾಖಲೆಗಳನ್ನು ಅದೇ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಕೊಡಬಹುದೆಂದು ರಿಸರ್ವ್ ಬ್ಯಾಂಕು ಆದೇಶಿಸಿದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ಈ ಆದೇಶದಂತೆ ಖಾತೆಯನ್ನು ಮತ್ತೆ ಚಾಲ್ತಿ ಮಾಡಲು ಶುಲ್ಕವಿಲ್ಲ. ನಿಷ್ಕ್ರಿಯ ಖಾತೆಯಲ್ಲಿ ಕನಿಷ್ಠ ಶಿಲ್ಕು ಇಲ್ಲವೆಂದು ದಂಡ ಹಾಕುವಂತೆಯೂ ಇಲ್ಲ.

ಅಭಿಯಾನ ಮುಗಿಯಿತು, ಹಕ್ಕು ಮುಗಿಯಲಿಲ್ಲ

"ನಿಮ್ಮ ಹಣ, ನಿಮ್ಮ ಹಕ್ಕು" ಎಂಬ ಹೆಸರಿನಲ್ಲಿ ಕೇಂದ್ರ ಸರಕಾರವು 2025ರ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ದೇಶದ ಜಿಲ್ಲೆಗಳಲ್ಲಿ ಅಭಿಯಾನ ನಡೆಸಿತು. ಹೀಗಾಗಿ ಪತ್ರಗಳು, ಪಟ್ಟಿಗಳು ಹಳ್ಳಿಗಳಿಗೂ ಬಂದವು. ಡಿಸೆಂಬರು ದಾಟಿದ ಮೇಲೆ ಹಣ ಸಿಗದು ಎಂಬ ಮಾತು ಕಟ್ಟೆಗಳ ಮೇಲೆ ಕೇಳಿಬಂತು. ಅದು ತಪ್ಪು. ಮುಗಿದದ್ದು ಶಿಬಿರ ಮಾತ್ರ.

ಇನ್ನೊಂದು ಸಂಗತಿ ತಿಳಿದಿರಲಿ. 2025ರ ಅಕ್ಟೋಬರ್ 1ರಿಂದ 2026ರ ಸೆಪ್ಟೆಂಬರ್ 30ರವರೆಗಿನ ಒಂದು ಯೋಜನೆಯಡಿ, ಇಂಥ ಹಣವನ್ನು ಹುಡುಕಿ ಹಿಂದಿರುಗಿಸುವ ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕೇ ಪ್ರೋತ್ಸಾಹಧನ ಗೊತ್ತುಪಡಿಸಿತು. ಅದು ತಮ್ಮ ಹಣದಿಂದ ಮುರಿದುಕೊಳ್ಳುವುದಲ್ಲ. ಕೌಂಟರಿನ ಮುಂದೆ ತಾವು ಉಪಕಾರ ಬೇಡುವವರಂತೆ ನಿಲ್ಲಬೇಕಾಗಿಲ್ಲ.

ಆದರೂ ಒಂದು ಕೊರತೆಯನ್ನು ಹೇಳಲೇಬೇಕು. ಹುಡುಕುವ ಸಾಧನವೆಲ್ಲ ಫೋನಿನಲ್ಲಿದೆ. ಮರೆತ ಖಾತೆಗಳಲ್ಲಿ ಬಹಳಷ್ಟು ಫೋನು ಬಳಸಲು ಬಾರದವರದು. ಈ ಕಂದಕವನ್ನು ಮೂರು ತಿಂಗಳ ಅಭಿಯಾನ ತುಂಬಲಾರದು. ಊರಿನ ಓದಿದ ಮಕ್ಕಳು, ವಾಚನಾಲಯಗಳು, ಗ್ರಾಮ ಪಂಚಾಯಿತಿಗಳು ತುಂಬಬೇಕು.

ಹುಡುಕುವ ಕ್ರಮ

ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ "ಉದ್ಗಮ್" ಎಂಬ ಜಾಲತಾಣವನ್ನು ತೆರೆಯಿತು. 2024ರ ಮಾರ್ಚ್ ಹೊತ್ತಿಗೆ 30 ಬ್ಯಾಂಕುಗಳು ಅದರಲ್ಲಿ ಸೇರಿದ್ದವು. ಮೊಬೈಲ್ ನಂಬರಿನಿಂದ ನೋಂದಾಯಿಸಿಕೊಂಡು, ಖಾತೆದಾರರ ಹೆಸರು, ಬ್ಯಾಂಕು, ಜೊತೆಗೆ ಪ್ಯಾನ್ ಅಥವಾ ಮತದಾರರ ಚೀಟಿಯ ಸಂಖ್ಯೆ, ಇಲ್ಲವೆ ಜನ್ಮದಿನಾಂಕ ಹಾಕಿ ಹುಡುಕಬಹುದು.

ಇಲ್ಲಿ ಎರಡು ಎಚ್ಚರಿಕೆ. ಒಂದು, ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವ ರೀತಿ ಒಂದೇ ಸಮನಿಲ್ಲ. ಶರಣಪ್ಪ, ಮಲ್ಲಿಕಾರ್ಜುನ ಎಂಬ ಹೆಸರುಗಳನ್ನು ಒಬ್ಬ ಗುಮಾಸ್ತ ಬರೆದಂತೆ ಇನ್ನೊಬ್ಬ ಬರೆಯುವುದಿಲ್ಲ. ಪಾಸ್‌ಬುಕ್ಕಿನಲ್ಲಿದ್ದಂತೆ ಹಾಕಿರಿ, ಸಿಗದಿದ್ದರೆ ಅಕ್ಷರ ಬದಲಿಸಿ ಮತ್ತೆ ನೋಡಿರಿ. ಹೆಣ್ಣುಮಕ್ಕಳ ಖಾತೆಯಾದರೆ ತವರಿನ ಹೆಸರಿನಲ್ಲೂ ಹುಡುಕಿರಿ. ಎರಡು, ಉದ್ಗಮಿನಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಹಣವಿಲ್ಲವೆಂದಲ್ಲ. ಗ್ರಾಮೀಣ ಬ್ಯಾಂಕು, ಡಿ.ಸಿ.ಸಿ. ಬ್ಯಾಂಕುಗಳ ಖಾತೆಗಾಗಿ ನೇರವಾಗಿ ಶಾಖೆಗೆ ಹೋಗಿ ಕೇಳುವುದೇ ಒಳ್ಳೆಯದು. ಹಳ್ಳಿಯ ಕೃಷಿ ಪತ್ತಿನ ಸಹಕಾರ ಸಂಘದಲ್ಲಿಟ್ಟ ಠೇವಣಿ ಈ ನಿಧಿಗೆ ಬರುವುದಿಲ್ಲ. ಅದನ್ನು ಸಂಘದಲ್ಲಿಯೇ ವಿಚಾರಿಸಬೇಕು.

ಕೇಳುವ ಕ್ರಮ

ಖಾತೆದಾರರು ಬದುಕಿದ್ದರೆ ಕೆಲಸ ಸುಲಭ. ಆಧಾರ್, ಭಾವಚಿತ್ರ, ಹಳೆಯ ಪಾಸ್‌ಬುಕ್ಕಿದ್ದರೆ ಅದು, ಇವಿಷ್ಟನ್ನು ಒಯ್ದು ಅರ್ಜಿ ಕೊಡಿರಿ. ಪೂರ್ಣ ಅರ್ಜಿ ಕೊಟ್ಟ ಮೂರು ಕೆಲಸದ ದಿನಗಳಲ್ಲಿ ನಿಷ್ಕ್ರಿಯ ಖಾತೆಯನ್ನು ಚಾಲ್ತಿ ಮಾಡಿಕೊಡಬೇಕೆಂಬುದು ನಿಯಮ.

ತೀರಿಹೋಗಿದ್ದು ನಾಮಿನಿ ಇದ್ದರೆ, ನಾಮಿನಿಯು ಅರ್ಜಿ, ಮರಣ ಪ್ರಮಾಣಪತ್ರ, ತನ್ನ ಗುರುತಿನ ದಾಖಲೆ ಕೊಟ್ಟರೆ ಸಾಕು. ನಾಮಿನಿ ಇಲ್ಲದಿದ್ದರೆ ವಾರಸುದಾರರು ಯಾರೆಂಬುದಕ್ಕೆ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಮುಚ್ಚಳಿಕೆ ಬೇಕಾಗುತ್ತವೆ. ವಂಶವೃಕ್ಷವನ್ನು ನಾಡಕಚೇರಿಯಲ್ಲಿ ಪಡೆಯಬಹುದು. ಇಷ್ಟಕ್ಕೆ ಕೋರ್ಟಿಗೆ ಹೋಗಬೇಕೆಂದು ಯಾರಾದರೂ ಹೆದರಿಸಿದರೆ ನಂಬಬೇಡಿರಿ. ರಿಸರ್ವ್ ಬ್ಯಾಂಕು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ನಿರ್ದೇಶನದಂತೆ, ತಕರಾರಿಲ್ಲದ ಪ್ರಕರಣಗಳಲ್ಲಿ ವಾಣಿಜ್ಯ ಬ್ಯಾಂಕುಗಳಲ್ಲಿ 15 ಲಕ್ಷ, ಸಹಕಾರಿ ಬ್ಯಾಂಕುಗಳಲ್ಲಿ 5 ಲಕ್ಷ ರೂಪಾಯಿಯವರೆಗೆ ಸರಳ ಕ್ರಮದಲ್ಲಿಯೇ ಹಣ ಕೊಡಬೇಕು. ದಾಖಲೆಗಳೆಲ್ಲ ಸಲ್ಲಿಕೆಯಾದ 15 ದಿನಗಳಲ್ಲಿ ಇತ್ಯರ್ಥವಾಗಬೇಕು. ಇದನ್ನು ಜಾರಿಗೆ ತರಲು ಬ್ಯಾಂಕುಗಳಿಗೆ ಕೊಟ್ಟ ಗಡುವು 2026ರ ಮಾರ್ಚ್ 31.

ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿರಿ. ಬಾಯಿಮಾತಿನ "ನಾಳೆ ಬಾ"ಗೆ ಲೆಕ್ಕವಿಲ್ಲ. ಬ್ಯಾಂಕಿಗೆ ಲಿಖಿತ ದೂರು ಕೊಟ್ಟು 30 ದಿನವಾದರೂ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರು ಸಲ್ಲಿಸಬಹುದು. ಮಾಹಿತಿಗೆ 14448ಕ್ಕೆ ಫೋನು ಮಾಡಬಹುದು.

ನಿಜವಾದ ನೋಟೀಸು ಯಾವುದು, ಸುಳ್ಳು ಯಾವುದು?

ಬೀಜದ ಚೀಲದ ಲೇಬಲ್ ನೋಡಿ ಕೊಳ್ಳುವಂತೆ ನೋಟೀಸನ್ನೂ ನೋಡಬೇಕು. ನಿಜವಾದ ನೋಟೀಸು ತಮ್ಮನ್ನು ಶಾಖೆಗೆ ಕರೆಯುತ್ತದೆ. ಸುಳ್ಳು ನೋಟೀಸು ಅವಸರ ಮಾಡುತ್ತದೆ, ಲಿಂಕು ಒತ್ತಲು ಹೇಳುತ್ತದೆ, ಓ.ಟಿ.ಪಿ. ಕೇಳುತ್ತದೆ, "ಮೊದಲು ಶುಲ್ಕ ಕಟ್ಟಿ" ಎನ್ನುತ್ತದೆ. ಸಂಶಯವಿದ್ದರೆ ಬಂದ ನಂಬರಿಗೆ ತಿರುಗಿ ಫೋನು ಮಾಡದೆ, ಕಾಗದವನ್ನೋ ಫೋನನ್ನೋ ಹಿಡಿದು ಶಾಖೆಗೆ ಹೋಗಿರಿ. ಮೋಸ ಹೋದದ್ದು ತಿಳಿದ ಕೂಡಲೆ 1930ಕ್ಕೆ ಫೋನು ಮಾಡಿರಿ. ತಡವಾದಷ್ಟೂ ಹಣ ಕೈತಪ್ಪುತ್ತದೆ.

ನೋಟೀಸೇ ಬಾರದ ಹಣ

ಕೊನೆಯದಾಗಿ, ಯಾವ ಪಟ್ಟಿಯಲ್ಲೂ ಇರದ ಒಂದು ಬಾಬ್ತು. ತೀರಿಹೋದವರ ಪಾಸ್‌ಬುಕ್ಕಿನಲ್ಲಿ ಮೇ ತಿಂಗಳ ಕೊನೆಯ ಸಾಲುಗಳನ್ನು ನೋಡಿರಿ. ಅಲ್ಲಿ 20 ರೂಪಾಯಿ ಕಡಿತವಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, 436 ರೂಪಾಯಿ ಇದ್ದರೆ ಜೀವನ ಜ್ಯೋತಿ ಬಿಮಾ ಆಗಿರಬಹುದು. 2022ಕ್ಕೆ ಮುಂಚೆ ಇವು 12 ಮತ್ತು 330 ರೂಪಾಯಿ ಇದ್ದವು. ವಿಮೆ ಚಾಲ್ತಿಯಲ್ಲಿರುವಾಗ ಮರಣವಾಗಿದ್ದರೆ ಒಂದೊಂದರಲ್ಲೂ ಕುಟುಂಬಕ್ಕೆ ಸಿಗುವ ಮೊತ್ತ 2 ಲಕ್ಷ ರೂಪಾಯಿ. ಸುರಕ್ಷಾ ಬಿಮಾ ಅಪಘಾತದ ಮರಣಕ್ಕೆ. ಹೊಲದಲ್ಲಿ ಹಾವು ಕಚ್ಚಿ ಸತ್ತರೂ ಆಸ್ಪತ್ರೆಯ ದಾಖಲೆ ಇದ್ದಲ್ಲಿ ಅದು ಅಪಘಾತವೇ. ಮನೆಯವರಿಗೆ ವಿಮೆ ಇದ್ದದ್ದೇ ಗೊತ್ತಿಲ್ಲದಿದ್ದರೆ ಕೇಳುವವರು ಯಾರು? ಇದರಲ್ಲಿ ತಡ ಮಾಡಬಾರದು; ದುಃಖದ ಮನೆಯಾದರೂ ಮೊದಲ ತಿಂಗಳಲ್ಲೇ ಶಾಖೆಗೆ ಹೋಗಿ ವಿಚಾರಿಸಬೇಕು.

ಬಿತ್ತುವ ಮುಂಚೆ ಮಣ್ಣು ಪರೀಕ್ಷೆ ಮಾಡಿಸುವಂತೆ, ವರ್ಷಕ್ಕೊಮ್ಮೆ ಮನೆಯ ಪಾಸ್‌ಬುಕ್ಕುಗಳನ್ನೆಲ್ಲ ಒಂದೆಡೆ ಹರವಿ ನೋಡಿರಿ. ಬೇಡದ ಖಾತೆ ಮುಚ್ಚಿಸಿರಿ. ಉಳಿದವುಗಳಲ್ಲಿ ವ್ಯವಹಾರ ನಡೆಸಿರಿ. ನಾಮಿನಿ ಹೆಸರು ಬರೆಸಿರಿ. 2025ರ ನವೆಂಬರ್ 1ರಿಂದ ನಾಲ್ವರವರೆಗೆ ಬರೆಸಲು ಅವಕಾಶವಿದೆ. ಯಾವ ಖಾತೆ ಎಲ್ಲಿದೆ ಎಂಬುದನ್ನು ಮನೆಯ ಹೆಣ್ಣುಮಕ್ಕಳಿಗೆ ತಪ್ಪದೆ ತಿಳಿಸಿರಿ.

ಮೊದಲು ಹೇಳಿದ ಆ ತಾಯಿ ಮಗನನ್ನು ಕರೆದುಕೊಂಡು ಮೂರು ಸಲ ಶಾಖೆಗೆ ಹೋಗಿ ಬಂದರು. ಹಣ ಬಡ್ಡಿಯೊಡನೆ ಅವರ ಖಾತೆಗೆ ಜಮೆಯಾಯಿತು. ಹಿಂಗಾರಿಯ ಗೊಬ್ಬರಕ್ಕೆ ಆ ವರ್ಷ ಅವರು ಸಾಲ ಎತ್ತಲಿಲ್ಲ. ವಾಚನಾಲಯದಲ್ಲಿ ಇದನ್ನು ಓದುವವರು, ಓದಲು ಬಾರದ ನೆರೆಮನೆಯವರಿಗೆ ಓದಿ ಹೇಳಬೇಕೆಂದು ಕೋರುತ್ತೇನೆ.