ಕಂಪ್ಯೂಟರ್ ಹೊಸದಾಯಿತು, ಮುತ್ಯಾನ ಪದ ಎಲ್ಲಿ ಹೋದವು?

 

"ಕಂಪ್ಯೂಟರ್ ಭಾಳ ಸ್ಲೋ ಆಗ್ಯದ. ಹೊಸದು ತರಬೇಕೋ, ಇದನ್ನೇ ಸರಿ ಮಾಡಿಸಬೇಕೋ?" ಮನೆಯಲ್ಲಿ ಕಂಪ್ಯೂಟರ್ ಇದ್ದವರಿಗೆ ಈ ಚಿಂತೆ ಒಂದಿಲ್ಲೊಂದು ದಿನ ಬಂದೇ ಬರುತ್ತದೆ. ನಮ್ಮ ಮನೆಗೂ ಬಂತು. ಅದರಿಂದ ನನಗೆ ಅನಿಸಿದ್ದನ್ನು ಇಲ್ಲಿ ಬರೆದಿದ್ದೇನೆ.

ನಮ್ಮ ಕಾಕಾ 2012ರಲ್ಲಿ ಒಂದು ಕಂಪ್ಯೂಟರ್ ತಂದಿದ್ದರು. ನಮ್ಮ ಮುತ್ಯಾ ಭಜನೆಯಲ್ಲಿ ಹಾಡುತ್ತಿದ್ದ ಕಡಕೋಳ ಮಡಿವಾಳಪ್ಪನವರ ತತ್ವಪದಗಳನ್ನೂ, ಹಿರಿಯರಿಂದ ಕೇಳಿ ಕಲಿತ ಬೇರೆ ಪದಗಳನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಕಾಕಾ ಅದನ್ನೆಲ್ಲ ನುಡಿಯಲ್ಲಿ ಟೈಪ್ ಮಾಡಿದರು. 2020ರ ಅಕ್ಟೋಬರಿನಲ್ಲಿ ಭೀಮಾ ನದಿಗೆ ಮಹಾಪೂರ ಬಂದಾಗ ನೋಟ್‌ಬುಕ್ ನೀರಿಗೆ ಹೋಯಿತು. ಮರುವರ್ಷ ಮುತ್ಯಾನೂ ಹೋದರು. ಉಳಿದದ್ದು ಕಂಪ್ಯೂಟರಿನ ಒಳಗಿದ್ದ ಪದಗಳು ಮಾತ್ರ.

2024ರ ಬೇಸಿಗೆಯ ಹೊತ್ತಿಗೆ ಆ ಕಂಪ್ಯೂಟರ್ ಮುದುಕ ಎತ್ತಿನಂತಾಗಿತ್ತು. ಅವ್ವ ಚಹಾ ಕುದಿಸಿ ತಂದರೂ ಅದು ಇನ್ನೂ ಚಾಲೂ ಆಗಿರುತ್ತಿರಲಿಲ್ಲ. "ಹೊಸದು ತರ್ರಿ" ಎಂದು ಅಣ್ಣ ಹಟ ಹಿಡಿದ. ಹೊಸದಕ್ಕೆ ನಾಲ್ಕೈದು ಚೀಲ ತೊಗರಿ ಮಾರಬೇಕು. ರ‍್ಯಾಮ್ ಹೆಚ್ಚಿಸಿ, ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಅರ್ಧ ಚೀಲದಲ್ಲಿ ಮುಗಿಯುತ್ತದೆ. ಕಾಕಾ ಎರಡನೆಯದನ್ನೇ ಆರಿಸಿಕೊಂಡರು.

ಮೊದಲ ಸಲ ತಂದ ರ‍್ಯಾಮ್ ಕೂಡಲೇ ಇಲ್ಲ. ನಮ್ಮದು ಡಿಡಿಆರ್ 3, ತಂದದ್ದು ಡಿಡಿಆರ್ 4. ಎರಡರಲ್ಲೂ ನಡುವಿನ ಸೀಳು ಬೇರೆ ಬೇರೆ ಜಾಗದಲ್ಲಿರುತ್ತದೆ, ಒಂದರ ಜಾಗದಲ್ಲಿ ಇನ್ನೊಂದು ಕೂಡುವುದಿಲ್ಲ. ಕಲಬುರಗಿಗೆ ಹೋಗಿ ಬಂದ ಒಂದು ದಿನ, ಬಸ್ ಚಾರ್ಜು ಎರಡೂ ದಂಡ. ಎರಡನೆಯ ಸಲ ಕಂಪ್ಯೂಟರನ್ನೇ ಹೊತ್ತುಕೊಂಡು ಹೋದರು. ಸರಿಯಾದುದನ್ನು ಹಾಕಿಸಿದ ಮೇಲೆ ಮಾತ್ರ ಅರ್ಧ ನಿಮಿಷದಲ್ಲಿ ಚಾಲೂ! ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಟ್ಟೆಯೊಂದು ನಿಮಿಷಕ್ಕೆ 5400 ಇಲ್ಲವೆ 7200 ಸುತ್ತು ತಿರುಗಬೇಕು, ಸಣ್ಣ ತೋಳೊಂದು ಅದರ ಮೇಲೆ ಓಡಾಡಿ ಹುಡುಕಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಅದಕ್ಕೇ ಆ ವೇಗ.

ಎಲ್ಲರೂ ಖುಷಿಯಾಗಿದ್ದಾಗ ಆಯಿ ಕೇಳಿದಳು: "ನಿಮ್ಮ ಮುತ್ಯಾನ ಪದ ಎಲ್ಲಿ ಅವ?" ಯಾರೂ ಮಾತಾಡಲಿಲ್ಲ. ಹೊಸ ಡಿಸ್ಕಿನಲ್ಲಿ ಅವು ಇರಲಿಲ್ಲ. ಪುಣ್ಯಕ್ಕೆ, "ಹಳೇದನ್ನ ಫಾರ್ಮ್ಯಾಟ್ ಮಾಡಿ ಕೊಡ್ಲಿ ಏನು?" ಎಂದು ಅಂಗಡಿಯವರು ಕೇಳಿದಾಗ ಕಾಕಾ "ಬ್ಯಾಡ್ರಿ" ಎಂದು ಅದನ್ನು ಚೀಲಕ್ಕೆ ಹಾಕಿಕೊಂಡು ಬಂದಿದ್ದರು. ಆ ಒಂದು ಮಾತು ನಮ್ಮನ್ನು ಉಳಿಸಿತು.

ಆದರೆ ಹಳೆ ಡಿಸ್ಕ್ ಜೋಡಿಸಿ ಫೈಲ್ ತೆರೆದರೆ ಕನ್ನಡವೇ ಇಲ್ಲ! ಬರೀ ಇಂಗ್ಲಿಷ್ ಅಕ್ಷರ, ಅವುಗಳ ಮೇಲೆ ಗೀರು, ಚುಕ್ಕಿ. ಕನ್ನಡ ಗಣಕ ಪರಿಷತ್ತಿನ ನುಡಿಯ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರದ ನಂಬರಿನ ಮೇಲೇ ಕನ್ನಡದ ಆಕಾರ ಕೂಡಿಸಿರುತ್ತಿದ್ದರು. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡವೆಂದು ತಿಳಿಯುವುದಿಲ್ಲ. ಯೂನಿಕೋಡಿನಲ್ಲಿ ಹಾಗಲ್ಲ. ಅಲ್ಲಿ ನಮ್ಮ 'ಕ' ಅಕ್ಷರಕ್ಕೆ 3221 ಎಂಬ ಸ್ವಂತ ನಂಬರು ಇದೆ, ಅದು ಬೇರೆ ಯಾವ ಭಾಷೆಯ ಅಕ್ಷರಕ್ಕೂ ಇಲ್ಲ. ಕಾಕಾ ನುಡಿ ಫಾಂಟ್ ಹಾಕಿದರು, ಪದಗಳು ಕಂಡವು. ಆಮೇಲೆ ಪರಿವರ್ತಕದಿಂದ ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿದರು. ಕೆಲವು ಒತ್ತಕ್ಷರ ಕೆಟ್ಟಿದ್ದವು. ಆಯಿ ಬಾಯಿಪಾಠದಿಂದ ಹೇಳಿದಳು, ನಾನು ಕೂತು ತಿದ್ದಿದೆ.

ಇಷ್ಟಾದರೂ ತೊಂದರೆ ಮುಗಿಯಲಿಲ್ಲ. ನಾವು ಹಾಕಿಸಿದ ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಕಂಪನಿಯ ಬೆಂಬಲ ನಿಂತಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತೆಯ ಚಿಪ್ ಕೇಳುತ್ತದೆ, 2012ರ ಕಂಪ್ಯೂಟರಿನಲ್ಲಿ ಅದು ಎಲ್ಲಿಂದ ಬರಬೇಕು? "ನಾ ಹೇಳಿದ್ದಿಲ್ಲೇನು?" ಎಂದು ಅಣ್ಣ ನಕ್ಕ. ಅವನ ಮಾತೂ ಪೂರಾ ಸುಳ್ಳಲ್ಲ. ಮದರ್‌ಬೋರ್ಡೇ ಸುಟ್ಟರೆ ಹಳೆಯದಕ್ಕೆ ಮತ್ತೆ ಮತ್ತೆ ದುಡ್ಡು ಸುರಿಯುವುದು ಜಾಣತನವಲ್ಲ. ಆದರೆ ಓದಲು, ಬರೆಯಲು ಉಚಿತವಾಗಿ ಸಿಗುವ ಲಿನಕ್ಸ್ ಸಾಕು. ಈಗ ಕಾಕಾ ಅದನ್ನೇ ಹಾಕಿದ್ದಾರೆ. ಚಲೋ ನಡೆದದ.

ನನ್ನ ಅಭಿಪ್ರಾಯ ಇಷ್ಟೆ. ಕಂಪ್ಯೂಟರ್ ನಿಧಾನವಾದರೆ ಮೊದಲು ಯಾವ ಭಾಗ ಸೋತಿದೆ ಎಂದು ನೋಡಬೇಕು, ಅದನ್ನಷ್ಟೇ ಬದಲಿಸಬೇಕು. ಅದಕ್ಕೂ ಮೊದಲು ಒಳಗೆ ಇರುವುದನ್ನು ಎರಡು ಕಡೆ ಕಾಪಿ ಮಾಡಿಕೊಳ್ಳಬೇಕು. ಯಂತ್ರ ಹೋದರೆ ಇನ್ನೊಂದು ಸಿಗುತ್ತದೆ, ಮುತ್ಯಾನ ಪದ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಗೆಳೆಯರೇ, ನಿಮ್ಮ ಮನೆಯಲ್ಲೂ ನುಡಿ, ಬರಹದಲ್ಲಿ ಟೈಪ್ ಮಾಡಿದ ಹಳೆ ಫೈಲ್ ಇರಬಹುದು. ಇವತ್ತೇ ಮನೆಗೆ ಹೋಗಿ ಕೇಳಿರಿ. ಗುರುಗಳು ಒಪ್ಪಿದರೆ ಶನಿವಾರ ಎಲ್ಲರೂ ಕೂಡಿ ಅವುಗಳನ್ನು ಯೂನಿಕೋಡಿಗೆ ಬದಲಿಸೋಣ. ತಪ್ಪು ಬರೆದಿದ್ದರೆ ತಿದ್ದಿ ಹೇಳಬೇಕೆಂದು ಕೇಳಿಕೊಳ್ಳುತ್ತೇನೆ.

— ಒಬ್ಬ ವಿದ್ಯಾರ್ಥಿ, 9ನೇ ತರಗತಿ