ಬಾರದಾನದ ತೂಕಕ್ಕೆ ಹತ್ತು ವರ್ಷ

ನಮ್ಮ ಅಬ್ಬಾ ಮೆಣಸಿನಕಾಯಿ ಮಂಡಿಯಲ್ಲಿ ತೂಕದ ಕೆಲಸ ಮಾಡುತ್ತಿದ್ದವರು. ಚೀಲ ಕಾಟಾದ ಮೇಲೆ ಏರಿದ ಕೂಡಲೇ ‘ಬಾರದಾನ ಕಳೀರಿ’ ಎಂದು ಕೂಗುತ್ತಿದ್ದರು. ಗೋಣಿಚೀಲದ ತೂಕ ಕಳೆದ ಮೇಲೆಯೇ ಲೆಕ್ಕ ಬರೆಯುವುದು. ರೈತ ತಂದದ್ದು ಮೆಣಸಿನಕಾಯಿಯೇ ಹೊರತು ಗೋಣಿಯಲ್ಲ ಎಂಬುದು ಆ ಮಂಡಿಯ ಅನಕ್ಷರಸ್ಥ ಹಮಾಲನಿಗೂ ಗೊತ್ತಿತ್ತು. ಇವತ್ತಿಗೂ ಮಿಠಾಯಿ ಅಂಗಡಿಯವನು ಡಬ್ಬ ಸೇರಿಸಿ ತೂಗಿದರೆ ನಾವು ಜಗಳಕ್ಕೆ ನಿಲ್ಲುತ್ತೇವೆ.

ಆದರೆ ಈ ದೇಶದ ಕಾನೂನು ಒಂದು ಸರಕನ್ನು ಬಾರದಾನ ಸಮೇತ ತೂಗುತ್ತದೆ. ಆ ತೂಕದ ಮೇಲೆ ಮನುಷ್ಯರನ್ನು ಹತ್ತು, ಇಪ್ಪತ್ತು ವರ್ಷ ಜೈಲಿಗೆ ಕಳಿಸುತ್ತದೆ. ಆ ಸರಕಿನ ಹೆಸರು ಎಲ್‌ಎಸ್‌ಡಿ.

ಮಾದಕ ವಸ್ತು ಎಂದೊಡನೆ ಓದುಗರಲ್ಲಿ ಕೆಲವರು ಪುಟ ತಿರುಗಿಸುತ್ತಾರೆ. ದಯವಿಟ್ಟು ತಿರುಗಿಸಬೇಡಿ. ಇದು ನಿರಪಾಯಕಾರಿ ವಸ್ತು ಎಂದು ನಾನು ಹೇಳುತ್ತಿಲ್ಲ. ಅದನ್ನು ಸೇವಿಸಿದವನ ಕಣ್ಣು, ಕಿವಿ, ಕಾಲದ ಅರಿವು ಎಲ್ಲವೂ ಎಂಟು-ಹತ್ತು ಗಂಟೆಗಳ ಕಾಲ ಹಳಿ ತಪ್ಪುತ್ತವೆ. ಮನೋರೋಗದ ಒಲವಿರುವ ಎಳೆಯರಲ್ಲಿ ಅದು ಕಾಯಿಲೆಯನ್ನೇ ಹೊರತರಬಹುದು. ಎಲ್‌ಎಸ್‌ಡಿ ಎಂದು ಹೇಳಿ ಮಾರುವ ಕಾಗದದಲ್ಲಿ ಎನ್‌ಬಿಓಎಂಇ ಎಂಬ ಬೇರೆಯೇ ವಿಷವಿದ್ದು ಸತ್ತವರಿದ್ದಾರೆ. ನನ್ನ ತಕರಾರು ಇರುವುದು ತಕ್ಕಡಿಯ ಬಗ್ಗೆ.

ಮೊದಲು ಈ ವಸ್ತುವಿನ ಜಾತಕ ನೋಡೋಣ. ರೈ ಎಂಬ ಧಾನ್ಯದ ತೆನೆಗೆ ತಗಲುವ ಎರ್ಗಾಟ್ ಎಂಬ ಬೂಷ್ಟಿನಿಂದ ಔಷಧ ತೆಗೆಯುವ ಕೆಲಸ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಸ್ಯಾಂಡೋಜ್ ಕಂಪನಿಯಲ್ಲಿ ನಡೆಯುತ್ತಿತ್ತು. ಅಲ್ಲಿನ ರಸಾಯನಶಾಸ್ತ್ರಜ್ಞ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ಈ ವಸ್ತುವನ್ನು ತಯಾರಿಸಿದ. ಅದರ ಗುಣ ತಿಳಿದದ್ದು 1943ರ ಏಪ್ರಿಲ್‌ನಲ್ಲಿ, ಅದೂ ಆಕಸ್ಮಿಕವಾಗಿ. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ನಮ್ಮ ಆಸ್ಪತ್ರೆಗಳಲ್ಲೂ ಕೊಡುತ್ತ ಬಂದಿರುವ ಮೆಥರ್ಜಿನ್ ಅದೇ ಬೂಷ್ಟಿನ ಕುಟುಂಬದ್ದು, ಅದೇ ಹಾಫ್‌ಮನ್‌ನ ಕೈಯದ್ದು. ಒಂದು ತಾಯಂದಿರ ಜೀವ ಉಳಿಸಿತು, ಇನ್ನೊಂದು ಲೋಕಕ್ಕೆ ಹುಚ್ಚು ಹಿಡಿಸಿತು.

1947ರಿಂದ ಸ್ಯಾಂಡೋಜ್ ಕಂಪನಿ ಇದನ್ನು ಡೆಲಿಸಿಡ್ ಎಂಬ ಹೆಸರಲ್ಲಿ ಮನೋವೈದ್ಯರಿಗೆ ಒದಗಿಸಿತು. ರೋಗಿಯ ಮನಸ್ಸು ಅರಿಯಲು ವೈದ್ಯರೂ ಸೇವಿಸಿ ನೋಡಬಹುದೆಂದು ಸೂಚನೆಯನ್ನೂ ಕೊಟ್ಟಿತು. ಅದರ ಹಿಂದೆಯೇ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಬಂತು. 1953ರಲ್ಲಿ ಶುರುವಾದ ಎಂಕೆ-ಅಲ್ಟ್ರಾ ಯೋಜನೆಯಲ್ಲಿ ಮನುಷ್ಯನ ಮನಸ್ಸನ್ನು ಒಡೆಯುವ ಆಯುಧವೆಂದು ಎಲ್‌ಎಸ್‌ಡಿಯನ್ನು ಪರೀಕ್ಷಿಸಲಾಯಿತು. ಯಾರ ಮೇಲೆ? ಗೊತ್ತಿಲ್ಲದೆ ಕುಡಿದವರ ಮೇಲೆ, ರೋಗಿಗಳ ಮೇಲೆ, ಕೈದಿಗಳ ಮೇಲೆ. ಕೆಂಟಕಿಯ ಲೆಕ್ಸಿಂಗ್ಟನ್‌ನಲ್ಲಿ ಚಟ ಬಿಡಿಸಲೆಂದು ಇರಿಸಿಕೊಂಡಿದ್ದ ಕೈದಿಗಳಲ್ಲಿ ಕೆಲವರಿಗೆ 77 ದಿನ ಸತತವಾಗಿ ಇದನ್ನು ಕೊಟ್ಟರು. ಅಲ್ಲಿ ಪರೀಕ್ಷೆಗೆ ಒಳಗಾದವರಲ್ಲಿ ಬಹಳಷ್ಟು ಮಂದಿ ಕರಿಯರು. ಸೈನ್ಯದ ವಿಜ್ಞಾನಿ ಫ್ರಾಂಕ್ ಓಲ್ಸನ್‌ಗೆ ಹೇಳದೆ ಕೇಳದೆ ಪಾನೀಯದಲ್ಲಿ ಬೆರೆಸಿ ಕೊಟ್ಟರು. ಒಂಬತ್ತು ದಿನಗಳ ಬಳಿಕ ಆತ ನ್ಯೂಯಾರ್ಕಿನ ಹೋಟೆಲ್ ಕಿಟಕಿಯಿಂದ ಬಿದ್ದು ಸತ್ತ. 1975ರಲ್ಲಿ ವಿಷಯ ಹೊರಬಿದ್ದಾಗ ಅಧ್ಯಕ್ಷ ಫೋರ್ಡ್ ಆ ಕುಟುಂಬವನ್ನು ಕರೆದು ಕ್ಷಮೆ ಕೇಳಿದರು, ಆಮೇಲೆ ಪರಿಹಾರದ ಹಣ ಬಂತು. ಯೋಜನೆಯ ಹೆಚ್ಚಿನ ಕಡತಗಳನ್ನು 1973ರಲ್ಲೇ ಸುಟ್ಟು ಮುಗಿಸಿದ್ದರು. ಈ ಪಾಪಕ್ಕೆ ಜೈಲಿಗೆ ಹೋದವರು ಯಾರೂ ಇಲ್ಲ.

ಅದೇ ಅಮೆರಿಕದಲ್ಲಿ ವಿಯೆಟ್ನಾಂ ಯುದ್ಧ ವಿರೋಧಿಸುವ ಹುಡುಗರ ಕೈಗೆ ಈ ವಸ್ತು ಬಂದಾಗ ಸರ್ಕಾರಕ್ಕೆ ಇದ್ದಕ್ಕಿದ್ದಂತೆ ನೀತಿ ನೆನಪಾಯಿತು. 1966ರಲ್ಲಿ ಕ್ಯಾಲಿಫೋರ್ನಿಯಾ ನಿಷೇಧಿಸಿತು. 1970ರಲ್ಲಿ ಇಡೀ ದೇಶದ ಅತಿ ಕಠಿಣ ಪಟ್ಟಿಗೆ ಅದನ್ನು ಹಾಕಿದರು. 1971ರಲ್ಲಿ ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಒಪ್ಪಂದವಾಯಿತು. ನಾವು ಆ ಒಪ್ಪಂದಕ್ಕೆ ಸೇರಿ, 1985ರಲ್ಲಿ ಎನ್‌ಡಿಪಿಎಸ್ ಕಾಯ್ದೆ ತಂದೆವು.

ಈಗ ತಕ್ಕಡಿಯ ವಿಷಯಕ್ಕೆ ಬರೋಣ. 2001ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಅಲ್ಪ ಪ್ರಮಾಣ, ವಾಣಿಜ್ಯ ಪ್ರಮಾಣ ಎಂದು ಗೆರೆ ಎಳೆದರು. ಸೇದುವ ಬಡಪಾಯಿಯನ್ನೂ ಸಾಗಿಸುವ ದೊಡ್ಡ ಕುಳವನ್ನೂ ಒಂದೇ ಕೋಲಿನಿಂದ ಅಳೆಯಬಾರದು ಎಂಬುದು ಅದರ ಉದ್ದೇಶ. ಒಳ್ಳೆಯ ಉದ್ದೇಶವೇ. ಎಲ್‌ಎಸ್‌ಡಿಗೆ ಅಲ್ಪ ಪ್ರಮಾಣ 0.002 ಗ್ರಾಂ, ವಾಣಿಜ್ಯ ಪ್ರಮಾಣ 0.1 ಗ್ರಾಂ. ಅಲ್ಪಕ್ಕೆ ಈಗ ಹೆಚ್ಚೆಂದರೆ ಒಂದು ವರ್ಷ. ನಡುವಿನದಕ್ಕೆ ಹತ್ತು ವರ್ಷದವರೆಗೆ. ವಾಣಿಜ್ಯಕ್ಕೆ ಕನಿಷ್ಠವೇ ಹತ್ತು ವರ್ಷ, ಗರಿಷ್ಠ ಇಪ್ಪತ್ತು, ಜೊತೆಗೆ ಒಂದರಿಂದ ಎರಡು ಲಕ್ಷ ದಂಡ. ಜಾಮೀನು ಬೇಕೆಂದರೆ 37ನೇ ಕಲಮಿನ ಪ್ರಕಾರ ಆರೋಪಿ ತಪ್ಪಿತಸ್ಥನಲ್ಲ ಎಂದು ನ್ಯಾಯಾಲಯಕ್ಕೆ ಮೊದಲೇ ಮನವರಿಕೆಯಾಗಬೇಕು.

ಎಲ್‌ಎಸ್‌ಡಿ ಕಣ್ಣಿಗೆ ಕಾಣದಷ್ಟು ಸಾಕು. ಗ್ರಾಮಿನ ಹತ್ತು ಸಾವಿರದ ಒಂದು ಭಾಗ, ಅಂದರೆ 100 ಮೈಕ್ರೋಗ್ರಾಂ, ಒಂದು ಡೋಸ್. ಅದನ್ನು ಬ್ಲಾಟಿಂಗ್ ಪೇಪರಿಗೆ ಹೀರಿಸಿ, ಅಂಚೆಚೀಟಿಗಿಂತ ಚಿಕ್ಕ ಚೌಕಗಳಾಗಿ ಕತ್ತರಿಸಿ ಮಾರುತ್ತಾರೆ. ಈಗ ತೂಗಬೇಕಾದದ್ದು ಏನನ್ನು? ಮದ್ದನ್ನೋ, ಕಾಗದವನ್ನೋ?

ಸುಪ್ರೀಂ ಕೋರ್ಟು 2008ರಲ್ಲಿ ಮೈಕೆಲ್ ರಾಜ್ ಪ್ರಕರಣದಲ್ಲಿ, ಬೆರಕೆ ಬಿಟ್ಟು ಮಾದಕ ವಸ್ತುವನ್ನಷ್ಟೇ ಲೆಕ್ಕ ಹಿಡಿಯಬೇಕು ಎಂದಿತು. ಮರುವರ್ಷವೇ ಕೇಂದ್ರ ಸರ್ಕಾರ ಅಧಿಸೂಚನೆಗೆ ಟಿಪ್ಪಣಿ ಸೇರಿಸಿ ಇಡೀ ಮಿಶ್ರಣವನ್ನೇ ತೂಗಬೇಕೆಂದಿತು. 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹಳೆಯ ತೀರ್ಪನ್ನು ತಳ್ಳಿಹಾಕಿ ಸರ್ಕಾರದ ಮಾತನ್ನು ಎತ್ತಿಹಿಡಿಯಿತು. 2021ರಲ್ಲಿ ಬಾಂಬೆ ಹೈಕೋರ್ಟು ಬ್ಲಾಟಿಂಗ್ ಪೇಪರಿನ ತೂಕವೂ ಸೇರಬೇಕೆಂದಿತು. ಮದ್ದು ಕಾಗದದಲ್ಲಿ ಬೆರೆತಿದೆ, ಕಾಗದದ ಸಮೇತ ನುಂಗುತ್ತಾರೆ ಎಂಬುದು ವಾದ.

ಹೆರಾಯಿನ್‌ಗೆ ಈ ವಾದ ಸ್ವಲ್ಪವಾದರೂ ಒಪ್ಪಬಹುದು. ಬೀದಿಯಲ್ಲಿ ಬಿಕರಿಯಾಗುವುದೇ ಬೆರಕೆ ಮಾಲು. ಎಲ್‌ಎಸ್‌ಡಿಗೆ ಇದನ್ನು ಹಚ್ಚಿದರೆ ಏನಾಗುತ್ತದೆ ನೋಡಿ. 1991ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಚಾಪ್‌ಮನ್ ಪ್ರಕರಣದಲ್ಲಿ ಇದೇ ಪ್ರಶ್ನೆಗೆ ಇದೇ ಉತ್ತರ ಕೊಟ್ಟಿತ್ತು. ಅಲ್ಲಿ 1000 ಚೌಕಗಳ ಒಟ್ಟು ತೂಕ 5.7 ಗ್ರಾಂ. ಅದರಲ್ಲಿ ಎಲ್‌ಎಸ್‌ಡಿ ಇದ್ದದ್ದು ಸುಮಾರು 0.05 ಗ್ರಾಂ. ಉಳಿದದ್ದೆಲ್ಲ ಕಾಗದ.

ಆ ಲೆಕ್ಕ ನಮ್ಮ ಕಾಯ್ದೆಗೆ ಹಿಡಿಯಿರಿ. ಒಂದು ಚೌಕ 5.7 ಮಿಲಿಗ್ರಾಂ ತೂಗಿದರೆ ಅದೊಂದೇ ಚೌಕ ಅಲ್ಪ ಪ್ರಮಾಣದ 2 ಮಿಲಿಗ್ರಾಮನ್ನು ದಾಟಿಬಿಡುತ್ತದೆ. ಅಂದರೆ ‘ಅಲ್ಪ’ ಎಂಬ ಮನೆಗೆ ಬಾಗಿಲೇ ಇಲ್ಲ. ಅಲ್ಪ ಪ್ರಮಾಣದೊಂದಿಗೆ ಸಿಕ್ಕ ವ್ಯಸನಿಯನ್ನು ಚಿಕಿತ್ಸೆಗೆ ಕಳಿಸಬಹುದೆನ್ನುವ 39ನೇ ಕಲಮಿನ ಕರುಣೆ ಈ ಕಾಗದ ಹಿಡಿದವನ ಪಾಲಿಗೆ ಬಹುಮಟ್ಟಿಗೆ ಕಾಗದದಲ್ಲೇ ಉಳಿಯಿತು. ಹದಿನೆಂಟು ಚೌಕಗಳಾದರೆ ವಾಣಿಜ್ಯ ಪ್ರಮಾಣ, ಕನಿಷ್ಠ ಹತ್ತು ವರ್ಷ. ಅದೇ ಶುದ್ಧ ಪುಡಿಯನ್ನು 0.09 ಗ್ರಾಂ ಇಟ್ಟುಕೊಂಡವನ ಬಳಿ 900 ಡೋಸ್ ಇದ್ದರೂ ಅವನು ವಾಣಿಜ್ಯ ಪ್ರಮಾಣಕ್ಕಿಂತ ಕೆಳಗೆ. ಇನ್ನು ಒಂದೇ ಡೋಸನ್ನು ಸಕ್ಕರೆ ಅಚ್ಚಿಗೆ ಹಾಕಿಕೊಂಡ ಹುಡುಗ? ಸಕ್ಕರೆಯ ತೂಕಕ್ಕೇ ಅವನು ದೊಡ್ಡ ಕಳ್ಳಸಾಗಣೆದಾರ!

ಹೀಗೆ ದೊಡ್ಡವನನ್ನು ಚಿಕ್ಕವನನ್ನಾಗಿ, ಚಿಕ್ಕವನನ್ನು ದೊಡ್ಡವನನ್ನಾಗಿ ಮಾಡುವ ತಕ್ಕಡಿಗೆ ನ್ಯಾಯದ ತಕ್ಕಡಿ ಎನ್ನಬೇಕೆ? ತಯಾರಿಸುವವನ ಬಳಿ ಪುಡಿ ಇರುತ್ತದೆ, ಹಾಸ್ಟೆಲ್ ಹುಡುಗನ ಬಳಿ ಕಾಗದ ಇರುತ್ತದೆ. ಪೊಲೀಸರ ಕೈಗೆ ಸುಲಭವಾಗಿ ಸಿಗುವವನು ಯಾರೆಂದು ನಾನು ಹೇಳಬೇಕಿಲ್ಲ. ಕಾಗದದಲ್ಲಿ ಎಲ್‌ಎಸ್‌ಡಿ ಇದೆಯೇ ಎಂದಷ್ಟೇ ಲ್ಯಾಬ್ ಹೇಳಿದರೆ ಸಾಕು, ಎಷ್ಟಿದೆ ಎಂಬುದಕ್ಕೆ ಬೆಲೆಯಿಲ್ಲ.

ಅಮೆರಿಕಕ್ಕೂ ಇದರ ಅಸಂಬದ್ಧತೆ ಹೊಳೆಯಿತು. ಕಡ್ಡಾಯ ಕನಿಷ್ಠ ಶಿಕ್ಷೆಯ ಕಾನೂನು ಹಾಗೇ ಉಳಿದರೂ, 1993ರಲ್ಲಿ ಶಿಕ್ಷಾ ಆಯೋಗ ಕಾಗದದ ತೂಕ ಬಿಟ್ಟು ಪ್ರತಿ ಡೋಸಿಗೆ 0.4 ಮಿಲಿಗ್ರಾಂ ಎಂದು ಲೆಕ್ಕ ಹಿಡಿಯಲು ಸೂಚಿಸಿತು. ಅಲ್ಲಿನ ಔಷಧ ನಿಯಂತ್ರಣ ಇಲಾಖೆ 2024ರಲ್ಲಿ, ತೀವ್ರ ಆತಂಕದ ಕಾಯಿಲೆಗೆ ಎಲ್‌ಎಸ್‌ಡಿಯಿಂದ ಮಾಡಿದ ಒಂದು ಔಷಧಕ್ಕೆ ‘ಬ್ರೇಕ್‌ಥ್ರೂ ಥೆರಪಿ’ ಎಂಬ ಸ್ಥಾನವನ್ನೂ ಕೊಟ್ಟಿತು. ಅವರ ಭಯವನ್ನು ನಾವು ಕಣ್ಮುಚ್ಚಿ ಆಮದು ಮಾಡಿಕೊಂಡೆವು. ಅವರ ಎರಡನೇ ಯೋಚನೆಯನ್ನು ಬಂದರಿನಲ್ಲೇ ತಡೆದು ನಿಲ್ಲಿಸಿದ್ದೇವೆ.

ಇದಕ್ಕೆ ಸಂಸತ್ತಿನ ಕಾಯ್ದೆಯೂ ಬೇಕಿಲ್ಲ. ಪ್ರಮಾಣದ ಪಟ್ಟಿ ಕೇಂದ್ರ ಸರ್ಕಾರದ ಅಧಿಸೂಚನೆ. 2009ರಲ್ಲಿ ಒಂದು ಟಿಪ್ಪಣಿ ಸೇರಿಸಿದ ಕೈಗೆ ಇನ್ನೊಂದು ಸಾಲು ಸೇರಿಸಲು ಕಷ್ಟವೇ? ಎಲ್‌ಎಸ್‌ಡಿಯ ವಿಷಯದಲ್ಲಿ ಹೊತ್ತ ಕಾಗದ, ಸಕ್ಕರೆ, ನೀರನ್ನು ಬಿಟ್ಟು ಮದ್ದನ್ನಷ್ಟೇ ತೂಗಿ, ಇಲ್ಲವೇ ಡೋಸ್ ಎಣಿಸಿ ಎಂದರೆ ಮುಗಿಯಿತು. ಮಾರುವವನಿಗೆ ಶಿಕ್ಷೆಯಾಗಲಿ, ಬೇಡವೆಂದವರಾರು? ಅವನು ಮಾರಿದ್ದಕ್ಕೆ ಆಗಲಿ.

ಸಿಐಎಯ ಪಾಪವನ್ನು ತೂಗಲು ಯಾವ ತಕ್ಕಡಿಯೂ ಸಿಗಲಿಲ್ಲ. ನಮ್ಮ ಹುಡುಗರನ್ನು ತೂಗುವ ತಕ್ಕಡಿಯಲ್ಲಾದರೂ ಬಾರದಾನ ಕಳೀರಿ.